ಚೀಲ ಬಿಚ್ಚದ ಒಂದು ಗಂಟೆ

ನಮ್ಮ ಉತ್ತರ ಮಿನೆಸೋಟದಲ್ಲಿ ಸರೋವರ ಹೆಪ್ಪುಗಟ್ಟಿ ಅದರ ಮೇಲೆ ಗಾಡಿಗಳು ಓಡಾಡುವ ದಿನಗಳಲ್ಲೂ ಸಿಲ್ವಿ ಕಂಗಾಸ್ ತನ್ನ ವ್ಯಾನಿನಲ್ಲಿ ಹೀಟರ್ ಹಾಕುವುದಿಲ್ಲ. ಅವಳ ಕ್ಯಾಮೆರಾ ಹಿಂದುಗಡೆ, ಮೀನು ಹಾಕುವ ಐಸ್ ಪೆಟ್ಟಿಗೆಯೊಳಗೆ, ಹಳೆಯ ಸ್ವೆಟರುಗಳ ನಡುವೆ ಮಲಗಿರುತ್ತದೆ. ಬ್ಯಾಟರಿಗಳು ಅವಳ ಒಳಗಿನ ಜೇಬಿನಲ್ಲಿ. ಗಾಡಿ ಒಮ್ಮೆ ಬೆಚ್ಚಗಾಗಿ ಒಮ್ಮೆ ತಣ್ಣಗಾದರೆ ಲೆನ್ಸಿಗೆ ನೀರು ಕೂರುತ್ತದೆ, ಮನುಷ್ಯರಾದರೆ ಮೂಗು ಒರೆಸಿಕೊಂಡು ಸುಮ್ಮನಾಗುತ್ತಾರೆ ಎಂಬುದು ಅವಳ ವಾದ.

ಮೂವತ್ತೊಂದು ವರ್ಷದಿಂದ ನಮ್ಮ ವಾರಪತ್ರಿಕೆಗೆ ಫೋಟೋ ತೆಗೆಯುವವಳು ಅವಳೇ. ಮನೆಯೊಳಗೆ ಬರುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟುತ್ತಾಳೆ. ಚೀಲದ ಹೊರಮೈ ಮೇಲೆ ನೀರು ಹನಿಗಟ್ಟುತ್ತದೆ, ಕ್ಯಾಮೆರಾ ಒಣಗಿಯೇ ಇರುತ್ತದೆ. ಅದು ಮನೆಯಷ್ಟೇ ಬೆಚ್ಚಗಾಗಲು ಒಂದು ಗಂಟೆ ಬೇಕು. ಆ ಒಂದು ಗಂಟೆ ಕಾಫಿ, ಏಲಕ್ಕಿ ಬನ್ನು, ಊರ ಸುದ್ದಿ. ತನ್ನ ಸೊಂಟದ ಅಳತೆಗೆ ಈ ಒಂದು ಗಂಟೆಯೇ ಕಾರಣ ಎಂದು ಅವಳೇ ಒಪ್ಪಿಕೊಳ್ಳುತ್ತಾಳೆ.

ಈ ಚಳಿಗಾಲ ಚರ್ಚಿನ ಮೆಟ್ಟಿಲ ಮೇಲೆ ಜಾರಿ ಅವಳ ಎಡಗೈ ಮುರಿಯಿತು. ಗಾಡಿ ಓಡಿಸುವ ಕೆಲಸ ಪಕ್ಕದ ಮನೆಯ ಮೆಕ್ಯಾನಿಕ್ ಟೌನೋಗೆ, ಅಂದರೆ ನನಗೆ, ಅಂಟಿಕೊಂಡಿತು. ಮೂರೇ ದಿನಕ್ಕೆ ನನ್ನ ಕಾಲ್ಬೆರಳುಗಳು ಇವೆಯೋ ಇಲ್ಲವೋ ಎಂದು ಅನುಮಾನ ಬಂತು. ನಾಲ್ಕನೆಯ ದಿನ ಮರದ ಪೆಟ್ಟಿಗೆಯೊಂದನ್ನು ಮಾಡಿ, ಒಳಗೆ ಕಂಬಳಿ ಹೊದಿಸಿ, ಎರಡು ಬಿಸಿನೀರಿನ ಬಾಟಲಿ ಇಟ್ಟು, ಕ್ಯಾಮೆರಾವನ್ನು ಸೀಟಿನ ಮೇಲೆ ಕೂರಿಸಿದೆ. ಇನ್ನು ಹೀಟರ್ ಹಾಕಬಹುದು, ಕಾಯುವುದೂ ಬೇಡ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಆ ವಾರದ ಫೋಟೋಗಳಲ್ಲಿ ಎಲ್ಲರೂ ಪೊಲೀಸ್ ಠಾಣೆಯಲ್ಲಿ ನಿಂತವರ ಹಾಗೆ ಕಂಡರು. ಒಬ್ಬಾಕೆಯಂತೂ ಕಾಫಿ ಕುದಿಯುವ ಮೊದಲೇ ಕೆಲಸ ಮುಗಿಯಿತೆಂದು ಮುಖ ಊದಿಸಿಕೊಂಡಳು. ಸಿಲ್ವಿ ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಅದಾದ ಮೇಲೆ ಬಂದದ್ದು ಇಂಪಿಯ ಮನೆಯ ಕೆಲಸ. ಇಂಪಿಗೂ ಅವಳ ಗಂಡ ಆರ್ವೊಗೂ ಮದುವೆಯಾಗಿ ಐವತ್ತೆರಡು ವರ್ಷ. ಇಬ್ಬರೂ ಜೊತೆಗಿರುವ ಒಂದು ಫೋಟೋವೂ ಇಲ್ಲ. ಕ್ಯಾಮೆರಾ ಕಂಡರೆ ಆರ್ವೊ ಎದ್ದು ಹೋಗುತ್ತಾನೆ. ಮದುವೆಯ ಚಿತ್ರದಲ್ಲೂ ಇರುವುದು ಅವನ ಮೊಣಕೈ ಮಾತ್ರ. ಇಂಪಿಯ ದೃಷ್ಟಿ ಈಗ ಕುಂದುತ್ತಿದೆ. ಮುಂದಿನ ಚಳಿಗಾಲಕ್ಕೆ ಮುಖಗಳು ಕಾಣಿಸಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು. ಕಾಣುವಾಗಲೇ ಒಂದು ಫೋಟೋ ನೋಡಿಬಿಡಬೇಕು ಎಂದು ಅವಳು ಫೋನಿನಲ್ಲಿ ಹೇಳಿದ್ದಳು.

ಆ ದಿನವೂ ಕ್ಯಾಮೆರಾ ನನ್ನ ಪೆಟ್ಟಿಗೆಯಲ್ಲೇ ಬಂದಿತ್ತು, ಆದರೂ ಸಿಲ್ವಿ ಅದನ್ನು ಚೀಲಕ್ಕೆ ಹಾಕಿ ಕಟ್ಟಿದಳು. ನಾವು ಒಳಗೆ ಹೋದೆವು. ಸಿಲ್ವಿಯ ಕೈಯಲ್ಲಿ ಚೀಲ ಕಂಡದ್ದೇ ತಡ, ಆರ್ವೊ ಸೌದೆ ತರುವ ನೆಪದಲ್ಲಿ ಬಾಗಿಲ ಕಡೆ ತಿರುಗಿದ.

"ಎಲ್ಲಿಗೆ ಓಡ್ತೀಯಪ್ಪ?" ಎಂದಳು ಸಿಲ್ವಿ. "ಕ್ಯಾಮೆರಾ ತಣ್ಣಗೆ ಕೊರೀತಿದೆ. ಇನ್ನೊಂದು ಗಂಟೆ ಚೀಲ ಬಿಚ್ಚೋ ಹಾಗಿಲ್ಲ. ಕೂತ್ಕೋ."

ಅದು ಬೆಚ್ಚಗೇ ಇದೆಯಲ್ಲ ಎನ್ನಲು ನಾನು ಬಾಯಿ ತೆರೆದೆ. ಸಿಲ್ವಿ ನನ್ನ ಕಾಲು ತುಳಿದಳು.

ಸಿಲ್ವಿ ಚೀಲವನ್ನು ಬಾಗಿಲ ಪಕ್ಕದ ಬೆಂಚಿನ ಮೇಲಿಟ್ಟಳು. ಆರ್ವೊ ಕೂರಲು ಜಾಗ ಮಾಡಿಕೊಳ್ಳುತ್ತ ಅದನ್ನು ಎತ್ತಿ ಆಚೆ ಸರಿಸಿದ, ಒಂದು ಗಳಿಗೆ ಸುಮ್ಮನೆ ನಿಂತ, ಆಮೇಲೆ ಕೂತ. ಕಾಫಿ ಬಂತು. ಆರ್ವೊ ತಾನು ಹಿಡಿದ ದೊಡ್ಡ ಮೀನಿನ ಕಥೆ ತೆಗೆದ. ಪ್ರತಿ ಸಲ ಅವನು ಮೀನನ್ನು ಒಂದು ಗೇಣು ಬೆಳೆಸಿದಾಗಲೂ ಇಂಪಿ ಅದನ್ನು ಮೊಟಕು ಮಾಡಿದಳು. ನಗುತ್ತ ನಗುತ್ತ ನನ್ನ ಕಾಫಿ ನೆತ್ತಿಗೇರಿತು.

ಆರ್ವೊ ಗೋಡೆಯ ಗಡಿಯಾರ ನೋಡಿದ. ಬೆಂಚಿನಿಂದೆದ್ದು ಕುರ್ಚಿಯೊಂದನ್ನು ಇಂಪಿಯ ಪಕ್ಕಕ್ಕೆ ಎಳೆದುಕೊಂಡು ಕೂತ. "ಗಂಟೆ ಆಯ್ತು. ಬಿಚ್ಚು ಇನ್ನ," ಎಂದ.

ಫೋಟೋ ಪತ್ರಿಕೆಯ ಅರ್ಧ ಪುಟ ಬಂತು. ಇಂಪಿ ಅದನ್ನು ಭೂತಗನ್ನಡಿ ಹಿಡಿದು ನೋಡುತ್ತಾಳಂತೆ, ದಿನಾ.

ಮರುವಾರ ಆರ್ವೊ ಗರಗಸದ ರಿಪೇರಿಗೆಂದು ನನ್ನ ಶೆಡ್ಡಿಗೆ ಬಂದ. ಸಿಲ್ವಿ ಚೆನ್ನಾಗಿ ಏಮಾರಿಸಿದಳು ಎಂದು ಅವನನ್ನು ಕೆಣಕಿದೆ.

"ಎಪ್ಪತ್ತೆಂಟು ಚಳಿಗಾಲ ಕಂಡಿದ್ದೀನಿ ಕಣೋ," ಎಂದ. "ಹೊರಗಿಂದ ತಂದ ಚೀಲ ಅಂದ್ರೆ ಹನಿ ಕಟ್ಬೇಕು. ಕೈಯಲ್ಲಿ ಹಿಡಿದ್ರೆ ಬಿಸಿ ಬನ್ನಿನ ಹಾಗಿತ್ತು."

"ಮತ್ತೆ ಎದ್ದು ಹೋಗ್ಬೇಕಿತ್ತಲ್ಲ?"

ಅವನು ಗರಗಸದ ಹಲ್ಲನ್ನು ಹೆಬ್ಬೆರಳಿನಿಂದ ಸವರಿದ.

"ಇಂಪಿ ಆವತ್ತು ಬೆಳಿಗ್ಗೇನೇ ಹೊಸ ಅಂಗಿ ಹಾಕ್ಕೊಂಡು ಕೂತಿದ್ಲು. ಆದ್ರೆ ನಂಗೂ ಧೈರ್ಯ ಬರೋಕೆ ಒಂದು ಗಂಟೆ ಬೇಕಿತ್ತು."

ನನ್ನ ಮರದ ಪೆಟ್ಟಿಗೆಯಲ್ಲಿ ಈಗ ಮೊಳೆಗಳಿವೆ. ಕ್ಯಾಮೆರಾ ಹಿಂದಿನ ಐಸ್ ಪೆಟ್ಟಿಗೆಗೆ ಮರಳಿದೆ. ನಾನು ಎರಡು ಟೋಪಿ ಹಾಕಿಕೊಂಡು, ಹೀಟರ್ ಆರಿಸಿ, ಗಾಡಿ ಓಡಿಸುತ್ತಿದ್ದೇನೆ.