ಗುಲಾಬಿ ಬಾವಿಯಿಂದ ಮೇಲೆ ಬಂದ ಬೆಳಗು

ಕಳೆದ ಗುರುವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ನನ್ನ ಬಾಯಲ್ಲಿ ಎರಡು ರಿಬ್ಬನ್ನುಗಳಿದ್ದವು.

ಎರಡೂ ನೀಲಿ. (ಬಿಳಿಯದು ಕಟ್ಟಿದರೆ ಕಾನ್ವೆಂಟಿನ ಸಿಸ್ಟರ್ ಚೀಟಿ ಬರೆದು ಕಳಿಸುತ್ತಾರೆ.) ದೊಡ್ಡವಳು ರೋಹಿಣಿಯ ಜಡೆ ಮುಗಿದಿತ್ತು, ಚಿಕ್ಕವಳು ಸುಧಾಳ ಜಡೆಗೆ ಕೈ ಹಾಕಿದ್ದೆ. ಒಲೆಯ ಮೇಲೆ ಹಾಲು. ಟಿಫಿನ್ ಡಬ್ಬಿಗಳಲ್ಲಿ ಸಕ್ಕರೆ ಸವರಿ ಸುತ್ತಿದ ಚಪಾತಿ. ನಮ್ಮವರು ಬಚ್ಚಲುಮನೆಯಿಂದ "ಟವೆಲ್ ಎಲ್ಲೇ?" ಎಂದು ಕೂಗುತ್ತಿದ್ದರು. ಟವೆಲ್ ಅವರ ಹೆಗಲ ಮೇಲೇ ಇರುತ್ತದೆಂದು ನನಗೆ ಗೊತ್ತು. ಹೇಳೋಣವೆಂದರೆ ಬಾಯಲ್ಲಿ ರಿಬ್ಬನ್. ನಿಮ್ಮ ಮನೆಯ ಬೆಳಗೂ ಇದಕ್ಕಿಂತ ತೀರಾ ಬೇರೆ ಇರಲಿಕ್ಕಿಲ್ಲ.

ನಮ್ಮ ಮನೆಯಲ್ಲಿ ಆ ಹೊತ್ತಿಗೆ ಗಡಿಯಾರ ನೋಡುವವರಿಲ್ಲ. ಗುಲಾಬಿ ಬರುತ್ತಾಳೆ, ಏಳೂಮುಕ್ಕಾಲು ಆಗುತ್ತದೆ.

ಗುಲಾಬಿ ಮುನಿಶಾಮಿಯ ಜಟ್ಕಾದ ಕುದುರೆ. ಹೆಬ್ಬಾಳದ ನಮ್ಮ ಬೀದಿಯ ಏಳು ಹೆಣ್ಣುಮಕ್ಕಳನ್ನು ಬೆಂಗಳೂರು ದಂಡಿನ ಕಾನ್ವೆಂಟ್ ಶಾಲೆಗೆ ಮುಟ್ಟಿಸುವುದು, ಸಂಜೆ ಮರಳಿ ತರುವುದು ಅವಳ ಉದ್ಯೋಗ. ಒಂದು ಕಾಲದಲ್ಲಿ ಬೆಳ್ಳಗಿದ್ದಳಂತೆ. ಈಗ ನಾನೂ ಓದಿದ ಆ ಕಾನ್ವೆಂಟಿನ ಹಳೆಯ ಪಿಯಾನೋದ ಹಳದಿಗಟ್ಟಿದ ಬಿಳಿ ಮನೆಗಳ ಬಣ್ಣ. ಯಾರೂ ಲಗಾಮು ಎಳೆಯಬೇಕಿಲ್ಲ. ಒಂದೊಂದು ಗೇಟಿನ ಮುಂದೆಯೂ ತಾನೇ ನಿಲ್ಲುತ್ತಾಳೆ. ಭಾನುವಾರ ಮೇಯಲು ಬಿಟ್ಟರೂ ನಮ್ಮ ಗೇಟಿನವರೆಗೆ ಬಂದು, ಯಾರೂ ಹತ್ತದಿದ್ದುದನ್ನು ಕಂಡು, ಒಂದು ನಿಟ್ಟುಸಿರು ಬಿಟ್ಟು ಹೋದದ್ದುಂಟು.

ಆ ಗುರುವಾರ ಅವಳು ಬರಲಿಲ್ಲ.

ಎಂಟಾಯಿತು. ಏಳು ಗೇಟುಗಳಲ್ಲಿ ಏಳು ಯೂನಿಫಾರ್ಮು. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ? ಸೋಮವಾರದಿಂದ ಹೇಗೂ ಶಾಲೆಯ ಬಸ್ಸು ಬರುತ್ತದೆ, ಈ ಮೂರು ದಿನವಾದರೂ ಸರಿಯಾಗಿ ಬರಬಾರದೆ ಮುನಿಶಾಮಿ, ಅಂದುಕೊಂಡೆ. (ಬಸ್ಸಿನ ಫಾರಂ ತುಂಬಿದವಳು ನಾನೇ. ಸಿಸ್ಟರ್ ಕಲಿಸಿದ ದುಂಡನೆಯ ಅಕ್ಷರದಲ್ಲಿ. ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಮೊದಲು.)

ಅಷ್ಟರಲ್ಲಿ ಕೊಡಿಗೇಹಳ್ಳಿಯಿಂದ ಹಾಲು ತರುವ ನಂಜಮ್ಮ ಓಡಿಬಂದಳು. ತಲೆಯ ಮೇಲೆ ಹಾಲಿನ ಪಾತ್ರೆಯೇ ಇರಲಿಲ್ಲ.

"ಅಮ್ಮಾರೇ, ನಿಮ್ಮ ಕುದ್ರೆ ಬಾವಿಗ್ ಬಿದ್ದೈತೆ! ಕೆಂಪಯ್ಯನ್ ಬಾವಿಗೆ! ಮುನಿಶಾಮಿ ನಸುಕಿಂದ ನೀರೊಳಗೇ ನಿಂತವ್ನೆ, ಅದರ ಗದ್ದ ಇಡ್ಕಂಡು!"

ನಿಮ್ಮ ಕುದುರೆ ಅಂದಳು. ಆ ಮಾತು ನನ್ನನ್ನು ಯಾಕೆ ಚುಚ್ಚಿತೋ, ಒಲೆ ಆರಿಸಿ, ಸುಧಾಳ ಒಂದು ಜಡೆಗೆ ರಿಬ್ಬನ್ ಇಲ್ಲದೆಯೇ, ಮಕ್ಕಳಿಬ್ಬರನ್ನೂ ಕರೆದುಕೊಂಡು ಹೊಲದ ಬದುವಿನ ಮೇಲೆ ಹೊರಟೆ.

ಕೆಂಪಯ್ಯನ ತೋಟ ಮುನಿಶಾಮಿಯ ಲಾಯಕ್ಕೆ ಅಂಟಿಕೊಂಡೇ ಇದೆ. ಜಟ್ಕಾ ಅಲ್ಲಿ ಕುದುರೆ ಹೂಡುವ ಎರಡು ಮೂಕಿಮರಗಳನ್ನು ನೆಲಕ್ಕೂರಿ ನಿಂತಿತ್ತು. ಬಾವಿಯ ಸುತ್ತ ಅರ್ಧ ಊರು. ಇಣುಕಿದೆ. ಮೂರಾಳುದ್ದ ಕೆಳಗೆ ಕಪ್ಪು ನೀರು. ನೀರಿನಲ್ಲಿ ಕತ್ತಿನವರೆಗೆ ಗುಲಾಬಿ, ಪಕ್ಕದಲ್ಲಿ ಎದೆಯವರೆಗೆ ಮುನಿಶಾಮಿ. ಕುದುರೆಯ ಗದ್ದ ಅವನ ಹೆಗಲ ಮೇಲಿತ್ತು. ಎರಡೂ ತಲೆಗಳು ನಡುಗುತ್ತಿದ್ದವು. ಅವಳ ಕೊರಳಲ್ಲಿ ಒದ್ದೆಯಾದ ಕೆಂಪು ರುಮಾಲೊಂದು ಜೋತುಬಿದ್ದಿತ್ತು.

"ಮುನಿಶಾಮೀ, ಹೇಗಪ್ಪಾ ಬಿದ್ದಳು?" ಎಂದು ಕೂಗಿದೆ.

ಅವನು ತಲೆಯೆತ್ತಲಿಲ್ಲ. "ನಾನೇ ಕಣ್ ಕಟ್ಟಿದ್ದೆ ಕಣವ್ವಾ" ಅಂದ.

ಮಿಕ್ಕದ್ದನ್ನು ಸುತ್ತಲಿದ್ದವರು ಹೇಳಿದರು. ಸೋಮವಾರದಿಂದ ಏಳು ಮಕ್ಕಳೂ ಬಸ್ಸಿಗೆ, ಕುದುರೆಗೆ ಮೇವೆಲ್ಲಿಂದ? ಮುನಿಶಾಮಿ ಗುಲಾಬಿಯನ್ನು ಮಾರಿದ್ದ. ಯಶವಂತಪುರದಲ್ಲಿ ಡೇರೆ ಹಾಕಿರುವ ಸರ್ಕಸ್ಸಿನವರಿಗೆ. ಆಟಕ್ಕಲ್ಲ. ಹುಲಿಗೆ. ಅವರ ಆಳು ಈ ಕಡೆಗೆ ಬರುವುದು ಗುರುವಾರ ಮಾತ್ರ. ಬಳ್ಳಾರಿ ರಸ್ತೆಯಲ್ಲಿ ಕಾದು ನಿಂತಿರುತ್ತಾನೆ. ಊರಿನ ಮುಂದೆ ನಡೆಸಿಕೊಂಡು ಹೋದರೆ ಜನ ನೋಡುತ್ತಾರೆ ಎಂದು ಮುನಿಶಾಮಿ ತೋಟದ ಹಾದಿ ಹಿಡಿದ. ಅದಕ್ಕೂ ಮೊದಲು ತನ್ನ ರುಮಾಲು ಬಿಚ್ಚಿ ಅವಳ ಕಣ್ಣಿಗೆ ಕಟ್ಟಿದ. ಎಲ್ಲಿಗೆ ಹೋಗುತ್ತಿದ್ದೇನೆಂದು ಅವಳಿಗೆ ಗೊತ್ತಾಗುವುದು ಬೇಡ ಎಂದು. ದಯೆಯಿಂದಲೇ ಕಟ್ಟಿದ್ದು.

ಆದರೆ ಗುಲಾಬಿಯ ಹಾದಿ ಕಣ್ಣಿನಲ್ಲಿರಲಿಲ್ಲ, ಕಾಲಿನಲ್ಲಿತ್ತು. ಲಾಯದಿಂದ ಹೊರಟು ಇಷ್ಟು ಹೆಜ್ಜೆ ನಡೆದ ಮೇಲೆ ಬಲಕ್ಕೆ ತಿರುಗಬೇಕು. ತಿರುಗಿದರೆ ನಮ್ಮ ಬೀದಿ, ಏಳು ಗೇಟು, ಏಳು ಮಕ್ಕಳು. ಎಷ್ಟು ವರ್ಷದ ರೂಢಿ! ತೋಟದ ಹಾದಿಯಲ್ಲೂ ಅಷ್ಟೇ ಹೆಜ್ಜೆ ನಡೆದು, ಹಗ್ಗ ಜಗ್ಗಿಕೊಂಡು ಬಲಕ್ಕೆ ತಿರುಗಿದಳು. ಅಲ್ಲಿ ಬಾವಿಯಿತ್ತು. ಪಂಪ್‌ಸೆಟ್ಟಿನ ಪೈಪು ಇಳಿಸಲು ಕಟ್ಟೆ ಒಡೆದಿದ್ದ ಜಾಗ.

ನಮ್ಮ ಮನೆಗೆ ಬರಲು ತಿರುಗಿದ್ದಳು, ಅಷ್ಟೆ.

ಸರ್ಕಸ್ಸಿನ ಆಳೂ ಅಲ್ಲೇ ಇದ್ದ. ಎಣ್ಣೆ ಹಚ್ಚಿ ಬಾಚಿದ ತಲೆ, ಖಾಕಿ ಶರಟು, ಮುಂಗೈ ಮೇಲೆ ನಾಲ್ಕು ಉದ್ದನೆಯ ಗಾಯದ ಗೆರೆ. "ಕೊರಳಿಗೆ ಹಗ್ಗ ಹಾಕಿ ಎಳೀರಿ. ಹೇಗೂ ಸಾಯೋದೇ ಅಲ್ವಾ, ಯಾಕಿಷ್ಟು ಕಷ್ಟ?" ಎನ್ನುತ್ತಿದ್ದ.

ನನಗೆ ಮೈ ಉರಿಯಿತು. "ನಿಮಗೆ ಕರುಣೆ ಅನ್ನೋದೇ ಇಲ್ವಾ?" ಎಂದೆ.

ಅವನು ಸಿಟ್ಟಾಗಲಿಲ್ಲ. ನನ್ನ ಮಕ್ಕಳನ್ನು ನೋಡಿದ. "ಅಮ್ಮಾ, ಹೋದ ಭಾನುವಾರ ಈ ಮಕ್ಕಳು ಸರ್ಕಸ್ಸಿಗೆ ಬಂದಿದ್ರಾ?"

ಸುಧಾ ನನ್ನ ಹಿಂದೆ ಅವಿತುಕೊಂಡಳು. ಬಂದಿದ್ದೆವು. ಮುಂದಿನ ಸಾಲಿನಲ್ಲೇ ಕೂತಿದ್ದೆವು.

"ಹುಲಿ ಬೆಂಕಿ ಬಳೆಯಲ್ಲಿ ಹಾರಿದಾಗ ಚಪ್ಪಾಳೆ ಹೊಡೆದ್ರಾ? ಅದಕ್ಕೆ ನಾನು ಊಟಕ್ಕೆ ಏನ್ ಹಾಕ್ಲಿ, ಇಡ್ಲಿನಾ? ನಾನು ಕಟುಕ ಅಲ್ಲಮ್ಮ. ಮರಿಯಾಗಿದ್ದಾಗಿಂದ ಅದನ್ನ ಸಾಕ್ದೋನು. ಈ ಗೀರು ಅದು ಪ್ರೀತಿಯಿಂದ ಹಾಕಿದ್ದು."

ನಾನು ಓದುವಾಗ ನಮ್ಮ ಐರಿಷ್ ಸಿಸ್ಟರ್ ಒಮ್ಮೆ ಹೇಳಿದ್ದರು. ಅವರ ತಂದೆ ತಮ್ಮ ಮುದಿ ಕುದುರೆಯನ್ನು ತಾವೇ ಗುಂಡಿಟ್ಟು ಕೊಂದು ಮೂರು ದಿನ ಊಟ ಬಿಟ್ಟರಂತೆ. ಅದೂ ಪ್ರೀತಿಯೇ ಎಂದಿದ್ದರು ಸಿಸ್ಟರ್. ನಾವು ಹುಡುಗಿಯರೆಲ್ಲ ಅತ್ತಿದ್ದೆವು. ಒಬ್ಬರದು ಗುಂಡು, ಒಬ್ಬನದು ಕಣ್ಣಿಗೆ ಕಟ್ಟಿದ ರುಮಾಲು, ಒಬ್ಬನದು ಹುಲಿಯ ತಟ್ಟೆ. ಎಲ್ಲರಿಗೂ ಪ್ರೀತಿಯೇ. ಗುಲಾಬಿಯನ್ನು ಕೇಳಿದವರು ಯಾರು?

ಅಷ್ಟರಲ್ಲಿ ತೋಟದ ಯಜಮಾನ ಕೆಂಪಯ್ಯ ಗುಡಿಸಲಿನಿಂದ ಏನನ್ನೋ ಎಳೆದುಕೊಂಡು ಬಂದ. ಎಪ್ಪತ್ತು ದಾಟಿದ ಮುದುಕ. ತಂದದ್ದು ಎತ್ತು ಹೂಡಿ ಸೇದುವ ಕಪಿಲೆಯ ತೊಗಲು ಚೀಲ. ಪಂಪ್‌ಸೆಟ್ ಬರುವ ಮುಂಚೆ ಈ ಬಾವಿಯಿಂದ ನೀರೆತ್ತುತ್ತಿದ್ದುದು ಅದರಲ್ಲೇ. ಎತ್ತುಗಳು ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ಚೀಲ ತುಂಬ ನೀರು ಮೇಲಕ್ಕೆ. ಕಲ್ಲುಕಂಬ, ರಾಟೆ, ಇಳಿಜಾರು ಎಲ್ಲ ಹಾಗೇ ಇದ್ದವು.

"ಮೊದ್ಲು ಮೇಲಕ್ಕೆ ತರಾನ. ಸಾಯ್ಸಾದೋ ಸಾಕಾದೋ ಆಮ್ಯಾಕೆ ಜಗಳಾಡ್ಕಳಿ" ಎಂದವನೇ ಕುಡುಗೋಲಿನಿಂದ ಚೀಲ ಸೀಳಿ ಅಗಲ ಮಾಡಿದ. ಅದನ್ನು ಅವಳ ಹೊಟ್ಟೆಯ ಕೆಳಗೆ ಕೊಟ್ಟು, ನಾಲ್ಕು ಮೂಲೆಗೆ ಹಗ್ಗ ಬಿಗಿಯಬೇಕು. ಇಬ್ಬರು ನೀರಿಗಿಳಿದರು.

ಸರ್ಕಸ್ಸಿನವನು ನನ್ನ ಕಿವಿಯ ಹತ್ತಿರ ಮೆಲ್ಲಗೆ, "ಆ ಚೀಲವೂ ಯಾವುದೋ ಎತ್ತಿನದೇ ಅಲ್ವಾ ಅಮ್ಮಾ?" ಎಂದ. ಚುಚ್ಚಲಿಕ್ಕಲ್ಲ. ನಿಜವಾಗಿಯೂ ಕೇಳಿದ. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಅದೂ ತೊಗಲೇ.

ಮೊದಲು ಯಾರದೋ ಹರೆಯದ ಜೋಡೆತ್ತು ಕಟ್ಟಿದರು. ಒಳ್ಳೆ ಬಲವಾದವು. ಆದರೆ ಗಾಡಿ ನೇಗಿಲು ಬಿಟ್ಟು ಬೇರೆ ಗೊತ್ತಿಲ್ಲ. ಬಾರುಕೋಲು ಬೀಳುತ್ತಲೇ ಹಾರಿದವು. ಗುಲಾಬಿ ನೀರಿನಿಂದ ಎರಡು ಮೊಳ ಎದ್ದು, ಗೋಡೆಗೆ ಬಡಿದು, ದೊಪ್ಪನೆ ಮತ್ತೆ ನೀರಿಗೆ. ಅವಳು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ರೋಹಿಣಿ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಬಿಚ್ರಲಾ ಅವನ್ನ!" ಎಂದು ಗದರಿ ಕೆಂಪಯ್ಯ ತನ್ನ ಸ್ವಂತ ಎತ್ತುಗಳನ್ನು ತಂದ. ಮುದಿ ಎತ್ತುಗಳು. ಮಂಡಿಯಲ್ಲಿ ಬಾವು, ಒಂದಕ್ಕೆ ಕೋಡೇ ಮುರಿದಿದೆ. ಜನ ನಕ್ಕರು. "ಅಜ್ಜೋ, ನಿನ್ನೂ ಸೇರ್ಸಿ ಮೂರು ಮುದುಕ್ರಾ?" ಎಂದ ಒಬ್ಬ.

ನೊಗ ಹೂಡಿದರು. ಎತ್ತುಗಳು ಕದಲಲಿಲ್ಲ. ಹೊಡೆದರೂ ಇಲ್ಲ. ಕಿವಿ ಹಿಂದಕ್ಕೆ ತಿರುಗಿಸಿ ಏನೋ ಕಾಯುತ್ತಿದ್ದಂತೆ ನಿಂತವು.

ಆಗ ಕೆಂಪಯ್ಯ ಹಗ್ಗದ ಮೇಲೆ ಕೂತ. ಹೌದು, ಹಗ್ಗದ ಮೇಲೆ, ಉಯ್ಯಾಲೆಯಲ್ಲಿ ಕೂತ ಹಾಗೆ. ಕಪಿಲೆ ಹೊಡೆಯುವವರು ಹಾಗೇ ಕೂರುತ್ತಾರಂತೆ, ತಮ್ಮ ಭಾರವನ್ನೂ ಎತ್ತುಗಳ ಬಲಕ್ಕೆ ಸೇರಿಸಲು. ಗಂಟಲು ಸರಿಮಾಡಿಕೊಂಡ. ನಾಚಿಕೊಂಡ ಹಾಗೆ ನಮ್ಮನ್ನೊಮ್ಮೆ ನೋಡಿದ.

"ಪದ ಏಳ್ದಿದ್ರೆ ಇವು ನಡೆಯಾಕಿಲ್ಲ. ಪಂಪು ಬಂದ್ಮ್ಯಾಕೆ ನಾನು ಆಡೇ ಇಲ್ಲ" ಎಂದ.

ಹಾಡಿದ.

ಹಾಡೆಂದರೆ ರಾಗವಾಗಿ ಚೀಲಗಳನ್ನು ಎಣಿಸುವುದು, ಅಷ್ಟೆ. ಒಂದಾಯಿತು, ಒಂದರ ಮ್ಯಾಲೆ ಒಂದಾಯಿತು ಎಂದು. ಒಡಕು ದನಿ. ಶಾಲೆಯ ಚಾಪೆಲ್ಲಿನಲ್ಲಿ ಆರ್ಗನ್ ಕೇಳಿ ಬೆಳೆದವಳು ನಾನು. ಆದರೆ ಆ ದನಿ ಎದ್ದಾಗ ಮೈಮೇಲೆ ಬಂದ ಮುಳ್ಳು ನನಗೆ ಚಾಪೆಲ್ಲಿನಲ್ಲಿ ಎಂದೂ ಬಂದಿರಲಿಲ್ಲ.

ಮುದಿ ಎತ್ತುಗಳು ತಲೆ ತಗ್ಗಿಸಿದವು. ನಡೆದವು.

ಒಂದೇ ಸಮನೆ, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಹಗ್ಗ ಬಿಗಿಯಿತು. ರಾಟೆ ಕೀರೆಂದಿತು. ಭಾರ ಸಾಲದೆ ಹಗ್ಗ ತಡೆದು ನಿಂತಾಗ ಯಾರೋ ಓಡಿಬಂದು ಕೆಂಪಯ್ಯನ ಹಿಂದೆ ಹಗ್ಗದ ಮೇಲೆ ಕೂತರು. ಯಾರೆಂದು ನೋಡಿದರೆ ಖಾಕಿ ಶರಟು! ಸರ್ಕಸ್ಸಿನವನು! ಅವನ ಹಿಂದೆ ಇನ್ನಿಬ್ಬರು.

ಬಾವಿಯಿಂದ ಮೊದಲು ಕಿವಿಗಳು ಬಂದವು. ಆಮೇಲೆ ಕಣ್ಣು. ಆಮೇಲೆ ಇಡೀ ಗುಲಾಬಿ. ನಾಲ್ಕು ಕಾಲೂ ಗಾಳಿಯಲ್ಲಿ, ಮೈಯಿಂದ ನೀರು ಹಗ್ಗಹಗ್ಗವಾಗಿ ಸುರಿಯುತ್ತ, ಎಳೆಬಿಸಿಲಿನಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿದಳು. ನಾನು ಕುದುರೆಯನ್ನು ದಿನಾ ನೋಡಿದ್ದೆ. ಅಲ್ಲ, ದಿನಾ ಬಂತೋ ಇಲ್ಲವೋ ಎಂದು ನೋಡಿದ್ದೆ. ಕುದುರೆಯನ್ನು ನೋಡಿದ್ದು ಅವತ್ತೇ. ಅಷ್ಟು ದೊಡ್ಡ ಜೀವ, ಅಷ್ಟು ಸುಮ್ಮನೆ, ನಮ್ಮ ಏಳು ಸ್ಕೂಲ್ ಬ್ಯಾಗುಗಳನ್ನು ಹೊತ್ತುಕೊಂಡು ತಿರುಗುತ್ತಿತ್ತೆ?

ಇಳಿಜಾರಿನ ಕೊನೆಯಲ್ಲಿ ಎತ್ತುಗಳು ತಾವಾಗಿಯೇ ನಿಂತವು. ಚೀಲ ಖಾಲಿಯಾಗುವ ತನಕ ಅಲ್ಲಿ ನಿಲ್ಲುವುದು ಅವುಗಳ ಅಭ್ಯಾಸ. ಆ ನಿಲುಗಡೆಯಲ್ಲಿ ಊರವರು ಗುಲಾಬಿಯನ್ನು ದಡಕ್ಕೆ ಎಳೆದುಕೊಂಡರು.

ಬಿದ್ದಳು. ಎದ್ದಳು. ಮೈ ಕೊಡವಿದಳು, ನಮ್ಮೆಲ್ಲರ ಮೇಲೂ ಮಳೆ. ಒಂದು ಮಂಡಿ ಕೆತ್ತಿ ಹೋಗಿತ್ತು. ಸುಧಾ ತನ್ನ ಬ್ಯಾಗಿನ ಡಬ್ಬಿಯಿಂದ ಚಪಾತಿ ಸುರುಳಿ ತೆಗೆದು ಹಿಡಿದು ನಿಂತರೂ ಅತ್ತ ನೋಡಲಿಲ್ಲ. ಕುಂಟುತ್ತ ಜನರ ನಡುವೆ ದಾರಿ ಮಾಡಿಕೊಂಡು ನೇರ ಲಾಯದ ಮುಂದಕ್ಕೆ ಹೋದಳು. ಜಟ್ಕಾಕ್ಕೆ ಬೆನ್ನು ಮಾಡಿದಳು. ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು, ಎರಡು ಮೂಕಿಗಳ ನಡುವೆ ನಿಂತು, ತಲೆ ಎತ್ತಿ ಕಾದಳು.

ಹೊತ್ತಾಯಿತು, ಹೂಡು ಎಂದು.

ಬಾವಿಯಿಂದ ಹತ್ತಿಬಂದ ಮುನಿಶಾಮಿ ಅದನ್ನು ನೋಡಿ ಅಲ್ಲೇ ಕುಸಿದು ಕೂತ. ನಂಜಮ್ಮ ಅವನಿಗೆ ಕಂಬಳಿ ಹೊದಿಸಿದಳು. ಅವನು ಅದನ್ನು ತೆಗೆದು ಗುಲಾಬಿಗೆ ಹೊದಿಸಿದ.

ಸರ್ಕಸ್ಸಿನವನು ಅಂಗೈ ನೋಡಿಕೊಳ್ಳುತ್ತ ಬಂದ. ಹಗ್ಗ ಚರ್ಮ ಸುಲಿದಿತ್ತು. "ಏನಪ್ಪಾ, ಇವತ್ತು ಬೇಡ, ಅಲ್ವಾ?"

"ಇವತ್ತು ಆಗಾಕಿಲ್ಲ ಸಾಮಿ."

"ಮುಂದಿನ ಗುರುವಾರ ಮತ್ತೆ ಬರ್ತೀನಿ. ಆಗ ಹೇಳು. ನನ್ನ ಹುಲಿಗೂ ಹಸಿವಿದೆ, ಏನ್ ಮಾಡ್ಲಿ?"

ಮುನಿಶಾಮಿ ಉತ್ತರ ಕೊಡುವ ಮುಂಚೆ ನನ್ನನ್ನು ನೋಡಿದ. ನಾನು ಸೊಂಟಕ್ಕೆ ಸಿಕ್ಕಿಸಿದ್ದ ರಿಬ್ಬನ್ ತೆಗೆದು, ಬಗ್ಗಿ ಸುಧಾಳ ಇನ್ನೊಂದು ಜಡೆಗೆ ಕಟ್ಟತೊಡಗಿದೆ.

"ಸೋಮವಾರ ಕಳೀಲಿ ಸಾಮಿ. ನೋಡಾನ" ಎಂದ ಮುನಿಶಾಮಿ.

ಇಡೀ ದಿನ ನನ್ನ ಕೈ ಕೆಲಸದಲ್ಲಿತ್ತು, ಕಣ್ಣು ಬಾವಿಯಲ್ಲಿತ್ತು. ಸಾರಿಗೆ ಎರಡು ಸಲ ಉಪ್ಪು ಬಿತ್ತು. (ನಮ್ಮವರು ಮಾತಾಡದೆ ಉಂಡರು. ಅವರಿಗೆ ಅಷ್ಟು ಬುದ್ಧಿಯುಂಟು.) ಸಂಜೆ ಪಕ್ಕದ ಮನೆಯ ಕಮಲಮ್ಮ ಕಾಂಪೌಂಡಿನ ಆಚೆ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದರು. ಅವರ ಮಗಳೂ ಗುಲಾಬಿಯ ಸವಾರಿಯವಳೇ. ನಾನು ಗೋಡೆಗೆ ಒರಗಿ ಎಲ್ಲವನ್ನೂ ಹೇಳಿದೆ. ರುಮಾಲು, ಹಾಡು, ಗಾಳಿಯಲ್ಲಿ ತಿರುಗಿದ ಗುಲಾಬಿ, ಮೂಕಿಗಳ ನಡುವೆ ಹಿಮ್ಮೆಟ್ಟಿ ನಿಂತದ್ದು. ಕಮಲಮ್ಮನ ಕೈ ಮೊಗ್ಗಿನ ಮೇಲೇ ನಿಂತುಬಿಟ್ಟಿತು. ಕಣ್ಣು ಒರೆಸಿಕೊಂಡರು.

"ಅಯ್ಯೋ ಪಾಪ, ನಮ್ಮ ಗುಲಾಬಿ! ದೇವರು ದೊಡ್ಡೋನು ಕಣ್ರೀ" ಎಂದರು.

ಮತ್ತೆ ಮೊಗ್ಗಿಗೆ ಕೈ ಹಾಕುತ್ತ ಕೇಳಿದರು: "ಅದಿರ್ಲಿ, ಸೋಮವಾರ ಬಸ್ಸು ಬರೋದು ಏಳೂವರೆಗೋ, ಏಳೂಮುಕ್ಕಾಲಿಗೋ?"