ಮುನಿಯಪ್ಪ ಮೇಸ್ತ್ರಿಯ ಮಳೆಕಲ್ಲು

ಮುನಿಯಪ್ಪ ಮೇಸ್ತ್ರಿ ಕಲ್ಲು ನೆಕ್ಕುತ್ತಿದ್ದರು. ಸುಳ್ಳಲ್ಲ, ಕಣ್ಣಾರೆ ಕಂಡಿದ್ದೇನೆ. ಜೂಜುವಾಡಿಯ ಕಲ್ಲಿನ ಡಿಪೋಗೆ ಹೊಸ ಚಪ್ಪಡಿ ಬಂದಿಳಿದರೆ ಸಾಕು, ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಮೂಲೆಗೊಂದು ಸಲ ನಾಲಿಗೆ ತಾಗಿಸಿ ನೋಡುವರು. "ಒದ್ದೆಯಾದ್ರೆ ತಾನೇ ಸಾ ಕಲ್ಲು ಬಣ್ಣ ಬುಡೋದು?" ನೀರಿನ ಕೊಡ ಪಕ್ಕದಲ್ಲೇ ಇದೆಯಲ್ಲ ಎಂದರೆ, "ಕೊಡಕ್ಕೆ ರುಚಿ ಗೊತ್ತಾಯ್ತದಾ?" ಎಂದು ನನ್ನನ್ನೇ ದಡ್ಡನನ್ನಾಗಿ ಮಾಡುವರು.

ಎರಡು ಸಾವಿರದ ನಾಲ್ಕರ ಸುಮಾರು. ಹೊಸೂರಿನ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲಿನಲ್ಲಿ ತಪ್ಪು ಹುಡುಕುವುದೇ ನನ್ನ ನೌಕರಿ. ಅವಲಪಲ್ಲಿಯಲ್ಲಿ ಮನೆ ಕಟ್ಟಿಸುತ್ತಿದ್ದೆ. ಮುಂಬಾಗಿಲ ಮೆಟ್ಟಿಲಿಗೆ ಬಾದಾಮಿ ಕಡೆಯ ಕೆಂಪು ಮರಳುಗಲ್ಲೇ ಬೇಕೆಂದು ನನ್ನ ಹೆಂಡತಿಯ ಹಟ. ಡಿಪೋಗೆ ಹೋದವನು ಅಭ್ಯಾಸಬಲದಿಂದ ಐದು ಚಪ್ಪಡಿಗೆ ಸೀಮೆಸುಣ್ಣದಲ್ಲಿ ಕಾಟು ಹಾಕಿದೆ. ಮೇಸ್ತ್ರಿ ಹಿಂದೆಯೇ ಬಂದು ಟವೆಲಿನಿಂದ ಒರೆಸಿದರು.

"ಏನ್ ಸಾ, ದೇವ್ರಂಥ ಕಲ್ಲಿಗೆ ಕಾಟಾಕ್ತೀರಾ?"

"ಮೈಯೆಲ್ಲ ಗುಳಿ ಮೇಸ್ತ್ರಿ. ಸಿಡುಬು ಎದ್ದ ಹಾಗಿದೆ."

"ಸಿಡುಬಲ್ಲ ಸಾ, ಮಳೆ!"

ಪ್ರಾಯದಲ್ಲಿ ಅವರು ಬಾದಾಮಿ ಕಡೆ ಕ್ವಾರಿಯಲ್ಲಿದ್ದಾಗ, ಬಂಡೆ ಪರೀಕ್ಷೆಗೆ ಬಂದ ಸಾಹೇಬರೊಬ್ಬರಿಗೆ ಟೀ ಒಯ್ದುಕೊಟ್ಟು ಕಲಿತ ವಿದ್ಯೆಯಂತೆ ಅದು. ಕುಕ್ಕರಗಾಲಲ್ಲಿ ಕೂತು ಶುರುಮಾಡಿದರು.

"ಇದು ಒಂದ್ ಕಾಲ್ದಾಗೆ ಮರಳು. ಅದ್ರಾಗಿದ್ದ ಕಬ್ಬಿಣ ಗಾಳಿ ನೀರಿಗೆ ತುಕ್ಕಿಡ್ದು ಕೆಂಪಾಗೈತೆ. ಈ ಅಲೆ ನೋಡಿ, ನೀರು ಹರ್ದಿದ್ದು. ಈ ಬಿರುಕು ನೋಡಿ, ಬಿಸ್ಲಿಗೆ ಕೆಸ್ರು ಸೀಳಿದ್ದು. ಇಲ್ಲಿ ನಾಕು ಹನಿ ಉದುರೈತೆ. ಜಡಿಮಳೆ ಆಗಿದ್ರೆ ಗುರುತೆಲ್ಲ ಕೊಚ್ಕಂಡ್ ಹೋಗ್ತಿತ್ತು. ಇದು ಬಂದಂಗ್ ಮಾಡಿ ಓಡ್ಹೋದ ಮಳೆ, ನಮ್ ಹೊಸೂರು ಮಳೆ ಇದ್ದಂಗೆ!"

"ಯಾವಾಗ ಬಿದ್ದದ್ದು?"

"ಕೋಟಿಗಟ್ಲೆ ವರ್ಷ ಆಯ್ತಂತೆ. ನಮ್ಮಪ್ಪನ್ನ ಕೇಳ್ದೆ, ಅವ್ನಿಗೂ ಗೊತ್ತಿಲ್ಲ."

ನಾನು ಜಗ್ಗಲಿಲ್ಲ, ಎಲ್ಲಕ್ಕೂ ಪಾಲಿಷ್ ಹೊಡೆಸಿ ಎಂದೆ. ಮೇಸ್ತ್ರಿಯ ಮುಖ ಸಪ್ಪಗಾಯಿತು. "ಇದೊಂದನ್ನ ಬುಟ್ಬುಡಿ ಸಾ. ಹನಿ ಇಷ್ಟು ನಿಚ್ಚಳವಾಗಿರೋ ಕಲ್ಲು ಇನ್ನೊಂದು ನಾ ಕಂಡಿಲ್ಲ" ಎಂದು ಕೈಮುಗಿದರು. ಆಯಿತು, ಹಿತ್ತಿಲಿಗೆ ಹಾಕೋಣ ಎಂದೆ. ಮೇಸ್ತ್ರಿ ಪಾಲಿಷ್ ಮಿಷನ್ನಿನ ಸೆಲ್ವಂಗೆ, "ಮಳೆಕಲ್ಲು ಮುಟ್ಬೇಡ ಕಣ್ಲಾ!" ಎಂದು ಕೂಗಿ ಹೇಳಿ, ನನ್ನನ್ನು ಟೀಗೆ ಕರೆದೊಯ್ದರು.

ಸೆಲ್ವಂ ಕೃಷ್ಣಗಿರಿಯ ತಮಿಳು ಹುಡುಗ. ಅವನ ಕಿವಿಗೆ ನಮ್ಮ ಮಳೆ 'ಮಲೈ' ಆಗಿ ಕೇಳಿಸಿತು. ಮಲೈ ಎಂದರೆ ತಮಿಳಿನಲ್ಲಿ ಬೆಟ್ಟ! ನಾವು ಬರುವಷ್ಟರಲ್ಲಿ ಪಕ್ಕದ ಬೆಟ್ಟದಿಂದ ಬಂದ ಕಪ್ಪು ಕಲ್ಲನ್ನೆಲ್ಲ ಜೋಪಾನವಾಗಿ ಜೋಡಿಸಿ, ಗೋಣಿತಾಟು ಹೊದಿಸಿ, ಮೇಸ್ತ್ರಿಯ ಮುದ್ದಿನ ಕಲ್ಲನ್ನು ಮಿಷನ್ನಿಗೆ ಕೊಟ್ಟಿದ್ದ. ಅರ್ಧ ಕಲ್ಲು ಆಗಲೇ ನುಣ್ಣಗೆ ಹೊಳೆಯುತ್ತಿತ್ತು.

"ಅಯ್ಯೋ ನಿನ್ ಮನೆ ಹಾಳಾಗ! ನಿಲ್ಸೋ ಮಿಷನ್ನು! ಮಳೆಕಲ್ಲು ಮುಟ್ಬೇಡ ಅಂತ ಬಡ್ಕಂಡೆನಲ್ಲೋ!"

"ತೊಡವೇ ಇಲ್ಲೈ ಮೇಸ್ತ್ರಿ, ಮುಟ್ಟೇ ಇಲ್ಲ" ಎಂದು ಸೆಲ್ವಂ ಹೆಮ್ಮೆಯಿಂದ ಗೋಣಿತಾಟು ಎತ್ತಿ ತೋರಿಸಿದ.

"ಕೋಟಿ ವರ್ಷ ಉಳ್ಕಂಡಿದ್ದ ಮಳೇನ ಅರ್ಧ ಗಂಟೇಲಿ ಒರೆಸ್ಬುಟ್ಯಲ್ಲಲಾ!"

ಪಾಪ, ತಪ್ಪು ತಿಳಿದ ಮೇಲೆ ಸೆಲ್ವಂ, ಬೇಕಾದರೆ ಉಳಿ ಹಿಡಿದು ಹನಿಗಳನ್ನು ಮತ್ತೆ ಹೊಡೆದುಕೊಡುತ್ತೇನೆ ಎಂದ. ಮೇಸ್ತ್ರಿ ಅವನನ್ನು ಡಿಪೋ ತುಂಬ ಅಟ್ಟಾಡಿಸಿದರು. ಆಮೇಲೆ ಏದುಸಿರು ಬಿಡುತ್ತ ಬಂದು ಕಲ್ಲಿನ ಪಕ್ಕ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಗುತ್ತಿದ್ದ ನನಗೆ ನಾಚಿಕೆಯಾಯಿತು. ಅದಕ್ಕೆ ಮೊದಲು ಕಾಟು ಹಾಕಿದವನು ನಾನೇ ಅಲ್ಲವೇ? "ಇದನ್ನೇ ಮುಂಬಾಗಿಲಿಗೆ ಹಾಕಿ ಮೇಸ್ತ್ರಿ" ಎಂದುಬಿಟ್ಟೆ.

ಹಾಕಿದರು. ಅರ್ಧ ಕನ್ನಡಿ, ಅರ್ಧ ಸಿಡುಬು. ಗೃಹಪ್ರವೇಶಕ್ಕೆ ಬಂದವರೆಲ್ಲ, ದುಡ್ಡು ಸಾಲಲಿಲ್ಲವೇ ಎಂದು ಕೇಳಿ ಹೋದರು. ಹೆಂಡತಿ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಾಲ್ಕು ವರ್ಷದ ಮೇಲೆ ಮೇಸ್ತ್ರಿ ಕೆಲಸ ಬಿಟ್ಟು ಅಂಚೆಟ್ಟಿಯ ಮಗಳ ಮನೆಗೆ ಹೊರಟರು. ಹೋಗುವ ಮುಂಚೆ ನಮ್ಮಲ್ಲಿಗೆ ಬಂದರು. ಒಳಗೆ ಕರೆದರೂ ಬರದೆ ಮೆಟ್ಟಿಲ ಮೇಲೇ ಕೂತು, ಉಳಿದ ಹನಿಗಳ ಮೇಲೆ ನಿಧಾನವಾಗಿ ಅಂಗೈ ಆಡಿಸಿದರು.

"ಈ ಮಳೆ ಬಿದ್ದಾಗ ನೋಡಕ್ಕೆ ಒಂದು ನರಪಿಳ್ಳೆ ಇರ್ನಿಲ್ಲ ಸಾ. ಈಗ ನಾವಿಬ್ರು ಇದ್ದೀವಿ."

ಮುಂದಿನ ವರ್ಷ ಅಂಚೆಟ್ಟಿಯಿಂದ ಸುದ್ದಿ ಬಂತು. ಈಗ ನಾನೊಬ್ಬನೇ ಇದ್ದೇನೆ.