ಬಿಲ್ಲೆ ಅಕ್ಕ ಒಪ್ಪಿಕೊಂಡ ತಪ್ಪು

ಬೆಳಗಿನ ಆರು ಗಂಟೆ. ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ ಇನ್ನೂ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಒಬ್ಬ ಹೆಂಗಸು ಇಪ್ಪತ್ತನಾಲ್ಕು ಮೇಜುಗಳ ನಡುವೆ ರಟ್ಟಿನ ಮರೆ ನಿಲ್ಲಿಸುತ್ತಿದ್ದಾರೆ. ಒಂದೊಂದು ಮೇಜಿನ ಮೇಲೂ ಒಂದು ನಂಬರ್ ಚೀಟಿ, ಚೂಪು ಮಾಡಿದ ಪೆನ್ಸಿಲ್, ಇಪ್ಪತ್ತು ಪ್ಲಾಸ್ಟಿಕ್ ಬಿಲ್ಲೆ. ಎಲ್ಲ ಇಟ್ಟ ಮೇಲೆ ತಾವೇ ಸ್ಟೂಲು ಎಳೆದುಕೊಂಡು ಕುಳಿತು, ಪಕ್ಕದ ಮೇಜು ಕಾಣುತ್ತದೆಯೇ ಎಂದು ಕತ್ತು ಚಾಚಿ ಇಣುಕುತ್ತಾರೆ. ಕಂಡರೆ ಮರೆಯನ್ನು ಬೆರಳಗಲ ಸರಿಸುತ್ತಾರೆ.

ಇಲ್ಲಿ ನಡೆಯುವುದು ಆಟ, ಆದರೆ ಹುಡುಗಾಟವಲ್ಲ. ಗುರುತು ಪರಿಚಯವಿಲ್ಲದ ನಾಲ್ವರದು ಒಂದು ಗುಂಪು. ಪ್ರತಿಯೊಬ್ಬರೂ ತಮ್ಮ ಇಪ್ಪತ್ತು ಬಿಲ್ಲೆಯಲ್ಲಿ ಇಷ್ಟ ಬಂದಷ್ಟು ಇಟ್ಟುಕೊಂಡು, ಉಳಿದದ್ದನ್ನು ಗುಂಪಿನ ಡಬ್ಬಿಗೆ ಹಾಕಬಹುದು. ಡಬ್ಬಿಗೆ ಬಿದ್ದದ್ದು ಎರಡರಷ್ಟಾಗಿ, ಹಾಕಿದವರಿಗೂ ಹಾಕದವರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಕೊನೆಗೆ ಕೈಯಲ್ಲಿ ಉಳಿದ ಬಿಲ್ಲೆಗೆ ತಕ್ಕ ಹಣ. ಒಂದು ಹಾಕಿದವರಿಗೆ ಅದರಿಂದ ಮರಳುವುದು ಅರ್ಧವೇ, ಹಾಗಾಗಿ ಬುದ್ಧಿವಂತ ಒಂದನ್ನೂ ಹಾಕಬಾರದು ಎನ್ನುತ್ತದೆ ಲೆಕ್ಕ. ನಿಜವಾದ ಜನ ಹಾಗೆ ಮಾಡುತ್ತಾರೆಯೇ ಎಂದು ನೋಡಲಿಕ್ಕೇ ಪ್ರೊಫೆಸರ್ ಮೇಡಂ ಈ ಕೋಣೆ ಇಟ್ಟಿದ್ದಾರೆ. ಕೋಣೆ ನಡೆಯುವುದು ಮಾತ್ರ ಈ ಅಟೆಂಡರ್ ಕೈಯಲ್ಲಿ. ಇಡೀ ಕಟ್ಟಡಕ್ಕೆ ಅವರು ‘ಬಿಲ್ಲೆ ಅಕ್ಕ’.

“ಹನ್ನೊಂದು ವರ್ಷ ಆಯ್ತು ನೋಡಿ. ಒಂದೂ ಹಾಕದೆ ಎದ್ದು ಹೋಗೋರು ಕಮ್ಮಿ. ಸುಮಾರು ಜನ ಅರ್ಧ ಹಾಕ್ತಾರೆ. ಬೇರೆಯವರು ಕೈ ಬಿಗಿ ಹಿಡಿದ್ರು ಅಂತ ಗೊತ್ತಾದ್ರೆ ಮಾತ್ರ ಇವ್ರೂ ಹಿಡೀತಾರೆ,” ಎನ್ನುತ್ತಾರೆ ಅಕ್ಕ. ಇಷ್ಟನ್ನೇ ಹೇಳಲು ಮೇಡಂಗೆ ಮುನ್ನೂರು ಪುಟ ಬೇಕಾಗಿದೆ.

ಮೊದಲು ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಗುತ್ತಿಗೆ ಕೆಲಸ, ವರ್ಷಕ್ಕೊಮ್ಮೆ ನವೀಕರಣ. ದಿನಕ್ಕೆ ಎರಡು ತಂಡ, ನಲವತ್ತೆಂಟು ಜನ, ನಾನೂರ ಎಂಬತ್ತು ಬಿಲ್ಲೆಗಳನ್ನು ಎರಡೆರಡು ಸಲ ಎಣಿಸಿ ಇಡಬೇಕು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ. ಮನೆಯಲ್ಲಿ ಅತ್ತೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಬೀಗ ರಿಪೇರಿ ಮಾಡುವ ಗಂಡ. ‘ಜನರನ್ನು ನಂಬಿ’ ಎಂದು ಗಂಡ ಹೇಳತೊಡಗಿದರೆ ಪಾಪ, ಅಂಗಡಿಯನ್ನೇ ಮುಚ್ಚಬೇಕಾದೀತು.

ಆ ಸೊಂಟನೋವೇ ಕಳೆದ ವರ್ಷ ಒಂದು ಎಡವಟ್ಟು ಮಾಡಿತು. ಬೆಳಿಗ್ಗೆ ನೆಲ ಒರೆಸುವಾಗ ಕುರ್ಚಿಗಳನ್ನೆಲ್ಲ ಹೊರಗೆ ಪೇರಿಸಿಡುತ್ತಾರೆ. ಒಂದು ದಿನ ನೋವು ತಡೆಯಲಾರದೆ, ಬಾಗಿಲಲ್ಲಿ ಕಾಯುತ್ತಿದ್ದ ಬೆಳಗಿನ ತಂಡದವರನ್ನೇ ‘ಸ್ವಲ್ಪ ಒಳಗೆ ದಾಟಿಸಿ’ ಎಂದು ಅಕ್ಕ ಕೇಳಿದರು. ಕುರ್ಚಿಗಳು ಕೈಯಿಂದ ಕೈಗೆ ಸಾಗಿ ಒಳಗೆ ಬಂದವು. ಆಮೇಲೆ ಅದೇ ರೂಢಿಯಾಯಿತು. ಮಧ್ಯಾಹ್ನದ ತಂಡ ಬರುವಷ್ಟರಲ್ಲಿ ಕುರ್ಚಿ ಒಳಗೇ ಇರುತ್ತಿದ್ದವು.

ಮೂರು ತಿಂಗಳಾದ ಮೇಲೆ ಮೇಡಂ ತಮ್ಮ ಕೋಣೆಯ ಗೋಡೆಗೆ ಲೆಕ್ಕದ ಹಾಳೆ ಅಂಟಿಸಿದರು. ಬೆಳಗಿನವರು ಹಾಕಿದ್ದು ಸರಾಸರಿ ಹದಿನಾಲ್ಕು ಬಿಲ್ಲೆ, ಮಧ್ಯಾಹ್ನದವರು ಒಂಬತ್ತು. ಬೆಳಗಿನ ಹೊತ್ತು ಮನುಷ್ಯರ ಮನಸ್ಸು ದೊಡ್ಡದಾಗಿರುತ್ತದೆ ಎಂದು ಒಂದು ಲೇಖನವೂ ಸಿದ್ಧವಾಗುತ್ತಿತ್ತು. ಟೀ ಲೋಟ ತರಲು ಹೋದ ಅಕ್ಕನಿಗೆ ಹಾಳೆ ಕಂಡದ್ದೇ ಕುರ್ಚಿಗಳ ನೆನಪಾಯಿತು.

“ಆಟಕ್ಕೆ ಮುಂಚೆ ಒಬ್ರಿಗೊಬ್ರು ಮಾತಾಡಬಾರದು ಅಂತ ರೂಲ್ಸ್ ಇತ್ತು. ಕುರ್ಚಿ ಎತ್ತಬಾರದು ಅಂತ ಇರಲಿಲ್ಲ. ಆದ್ರೆ ಜೊತೇಲಿ ಭಾರ ಎತ್ತಿದ ಮೇಲೆ ಅವರು ಪರಿಚಯದೋರೇ ಆದ್ರಲ್ಲ.”

ಗುತ್ತಿಗೆ ನವೀಕರಣಕ್ಕೆ ಹತ್ತೇ ದಿನ ಬಾಕಿ. ಮನೆಯಲ್ಲಿ ಹೇಳಿದರೆ ಗಂಡನದು ಒಂದೇ ಮಾತು: “ಯಾರೂ ನೋಡಿಲ್ಲ. ನೀನು ಸುಮ್ಮನಿರು.” ಅವರನ್ನು ದೂರಲಾಗದು, ಮಕ್ಕಳ ಶಾಲೆ ನಡೆಯುತ್ತಿದ್ದುದೇ ಅಕ್ಕನ ಸಂಬಳದಲ್ಲಿ. ಅಕ್ಕ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಮೇಡಂ ಮುಂದೆ ನಿಂತು ಎಲ್ಲ ಹೇಳಿಬಿಟ್ಟರು.

“ಆ ಮರೆ ಹಿಂದೆ ಕೂತೋರನ್ನೂ ಯಾರೂ ನೋಡಲ್ಲ. ಆದ್ರೂ ಹಾಕ್ತಾರೆ. ಇಷ್ಟು ವರ್ಷ ಅದನ್ನೇ ನೋಡ್ಕೊಂಡು ಬಂದು, ನಾನೇ ಕೈ ಬಿಗಿ ಹಿಡಿದ್ರೆ ಹೇಗೆ?”

ಮೇಡಂ ಎದ್ದು ಗೋಡೆಯ ಹಾಳೆ ಕಿತ್ತರಂತೆ. ಲೇಖನ ನಿಂತಿತು. ಮೂರು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ವಾರ ಕಳೆದ ಮೇಲೆ ಅಕ್ಕನಿಗೆ ಗುತ್ತಿಗೆಯ ಪತ್ರ ಸಿಕ್ಕಿತು, ಜೊತೆಗೆ ಹೊಸ ಪ್ರಯೋಗದ ಹಾಳೆಯೂ. ಅರ್ಧ ತಂಡಗಳು ಕುರ್ಚಿ ದಾಟಿಸಬೇಕು, ಇನ್ನರ್ಧ ದಾಟಿಸಬಾರದು. ತಂಡದವರಿಗೆ ಏನು ಹೇಳಬೇಕೆಂಬುದನ್ನು ಮೇಡಂ ಅಕ್ಕನ ಕೈಯಲ್ಲೇ ಬರೆಸಿಕೊಂಡರು. ಈಗ ಬೆಳಿಗ್ಗೆಯಾಗಲಿ ಮಧ್ಯಾಹ್ನವಾಗಲಿ, ಕುರ್ಚಿ ದಾಟಿಸಿದವರೇ ಹೆಚ್ಚು ಹಾಕುತ್ತಿದ್ದಾರೆ. ಕೇಳಿ ನನಗಂತೂ ಬಹಳ ಖುಷಿಯಾಯಿತು.

ಹೊಸ ಪ್ರಯೋಗಕ್ಕೆ ಮುಂಚೆ ಒಂದು ತಾಲೀಮು ನಡೆಯಿತು. ಲೆಕ್ಕಕ್ಕೆ ಸೇರದ ಆಟವಾದ್ದರಿಂದ ಸಿಬ್ಬಂದಿಯ ಮನೆಯವರನ್ನು ಕರೆದಿದ್ದರು. ಅಕ್ಕನ ಗಂಡನೂ ಅಂಗಡಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ ಬಂದರು. ಗೊತ್ತಿಲ್ಲದ ಮೂವರ ಜೊತೆ ಕುರ್ಚಿ ದಾಟಿಸಿ, ಹದಿನೇಳನೆಯ ಮೇಜಿಗೆ ಕುಳಿತರು. ಆಟ ಮುಗಿದ ಮೇಲೆ, ಎಷ್ಟು ಹಾಕಿದರೆಂದು ಅವರು ಬರೆದಿದ್ದ ಚೀಟಿ ಎತ್ತಿಕೊಂಡದ್ದು ಅಕ್ಕನೇ.

ಎಷ್ಟು ಹಾಕಿದ್ದರು ಎಂದು ಕೇಳುತ್ತೇನೆ. ಯಾರದ್ದನ್ನೂ ಹೇಳುವ ಹಾಗಿಲ್ಲ, ಗಂಡನದಾದರೂ ಅಷ್ಟೇ ಎಂದು ತಲೆಯಾಡಿಸಿ, ಅಕ್ಕ ಮುಂದಿನ ಮೇಜಿಗೆ ಬಿಲ್ಲೆ ಎಣಿಸತೊಡಗುತ್ತಾರೆ. ಇಪ್ಪತ್ತು ಮುಗಿದ ಮೇಲೆ ತಿರುಗಿ ನೋಡುತ್ತಾರೆ.

“ಒಂದು ಮಾತ್ರ ಹೇಳ್ತೀನಿ. ಆವತ್ತಿಂದ ಅವರು ನನಗೆ ‘ಸುಮ್ಮನಿರು’ ಅಂದಿಲ್ಲ.”